ತೀರ್ಥದಂತೆ ಕುಡಿದ ಕ್ವಿನೈನ್

ಮನೆಯಲ್ಲೊಬ್ಬರಿಗೆ ಮಲೇರಿಯಾ ಎಂದು ಖಾತ್ರಿಯಾದದ್ದಕ್ಕೆ ಸಿಹಿ ಅಡಿಗೆ ಮಾಡಿ ಉಂಡವರು ಧಾರವಾಡದಲ್ಲಿ ನಮ್ಮ ಹೊರತು ಯಾರಾದರೂ ಇದ್ದಾರೆಯೇ, ನನಗೆ ಗೊತ್ತಿಲ್ಲ. ಆ ದಿನ ಹೋಳಿಗೆ ಮಾಡಿದ್ದರು ಎಂದು ನನ್ನ ನೆನಪು. ತಂಗಿ ಅದು ಸಜ್ಜಕ ಎನ್ನುತ್ತಾಳೆ. ಮನೆಯಲ್ಲಿ ಹೂರಣ ರುಬ್ಬುತ್ತಿದ್ದವಳೇ ಅತ್ತೆ, ಅವಳೇ ಹಾಸಿಗೆಯ ಮೇಲಿದ್ದಾಗ ಯಾರು ರುಬ್ಬಿದರು ಎಂದು ತಂಗಿಯ ಪ್ರಶ್ನೆ. ಕಾಲೇಜಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಮೊನ್ನೆ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ "ಜ್ವರ ಇಲ್ಲ" ಎಂದಷ್ಟೇ ಇದೆ. ಯಾರಿಗೆ ಎಂದು ಕೂಡ ಬರೆದಿಲ್ಲ. ಹೋಳಿಗೆಯೂ ಇಲ್ಲ, ಸಜ್ಜಕವೂ ಇಲ್ಲ.

ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ಮನೆಯವರು ಹೇಳಿ ಹೇಳಿ ನಾನು ಕಂಡಂತೆ ಆದದ್ದು ಎಂದು ಬೇರ್ಪಡಿಸಲು ನನ್ನಿಂದ ಪೂರ್ತಿ ಆಗದು. ಆ ಮಳೆಗಾಲ ಕಳೆದ ಮೇಲೆ ಅತ್ತೆಯನ್ನು ಕ್ಷಯರೋಗಿಗಳ ಆರೋಗ್ಯಧಾಮಕ್ಕೆ ಕಳಿಸುವುದೆಂದು ಗೊತ್ತಾಗಿತ್ತು, ಟಾಂಗಾ ಬಾಗಿಲಿಗೆ ಬಂದಿತ್ತು, ಆದರೆ ಅವಳು ಹೋಗಲಿಲ್ಲ. ಇಷ್ಟರ ಬಗ್ಗೆ ನಮ್ಮ ಮನೆಯಲ್ಲಿ ಯಾರದೂ ತಕರಾರಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮಾತಿನಲ್ಲಿ ನಾವು "ಅತ್ಯಾ" ಎನ್ನುತ್ತಿದ್ದೆವು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ತಾಯಿಗೆ ಮೊದಲಿನಿಂದಲೂ ಸೊಂಟನೋವು. ಹೀಗಾಗಿ ನಮ್ಮಿಬ್ಬರನ್ನು ತಾಯಿ ಹೆತ್ತಳು, ಅತ್ತೆ ಬೆಳೆಸಿದಳು. ಇದು ತಾಯಿಯದೇ ಮಾತು. ಅತ್ತೆಗೆ ಓದು ಚೆನ್ನಾಗಿ ಬರುತ್ತಿತ್ತು. ಮಧ್ಯಾಹ್ನ ಪುರಾಣದ ಪುಸ್ತಕ ಹಿಡಿದು ಓಣಿಯ ಹೆಂಗಸರಿಗೆ ಓದಿ ಹೇಳುತ್ತಿದ್ದಳು, ನಡುನಡುವೆ ದೇವತೆಗಳನ್ನೂ ಬೈಯುತ್ತಿದ್ದಳು. ಇದನ್ನು ಮೊದಲೇ ಹೇಳುವ ಕಾರಣವಿದೆ. ಮುಂದೆ ಆದದ್ದನ್ನು ಕೇಳಿದವರೆಲ್ಲ "ಪಾಪ, ಓದು ಬರಹ ಇಲ್ಲದವರು" ಎನ್ನುತ್ತಾರೆ. ಅವಳಲ್ಲಿ ಇಲ್ಲದ್ದು ಅಕ್ಷರವಾಗಿರಲಿಲ್ಲ.

ಅವಳ ಮಡಿ ಬಿಗಿಯಾದದ್ದು. ಬೆಳಿಗ್ಗೆ ಮಿಂದು ಮಡಿಸೀರೆ ಉಟ್ಟಳೆಂದರೆ ಊಟ ಮುಗಿಯುವ ತನಕ ನಾವು ಒಂದು ಮಾರು ದೂರ. ಬೇಯಿಸಿದ ಅನ್ನ, ಕುದಿಸಿದ ಹಿಟ್ಟು ತಾಗಿದ್ದೆಲ್ಲ ಮುಸುರೆ. ದೇವರ ಮನೆಯ ಹೊಸ್ತಿಲು ಅದು ದಾಟುವಂತಿಲ್ಲ. ಚಿಕ್ಕವರಿದ್ದಾಗ ನಾವು ಅವಳನ್ನು ಮುಟ್ಟಿಬಿಡುತ್ತೇವೆಂದು ಹೆದರಿಸಿ ಉಂಡಿ ಕೀಳುತ್ತಿದ್ದೆವು.

ಆ ವರ್ಷ ಗಂಡನ ಮನೆಯವರ ಕರೆ ಬಂದು ಅತ್ತೆ ಅಮ್ಮಿನಬಾವಿಗೆ ಹೋದಳು. ಅಲ್ಲಿ ಯಾವುದೋ ಶುಭಕಾರ್ಯ. ಅವಳನ್ನು ಮುಂದೆ ಕರೆಯುವವರಿಲ್ಲದಿದ್ದರೂ ಅಡಿಗೆಗೆ ಅವಳೇ ಬೇಕು. ಮಳೆ ಹೊಳವಾಗಿತ್ತು, ಹೊಂಡಗಳಲ್ಲಿ ನೀರು ನಿಂತಿತ್ತು. ಮರಳಿ ಬಂದ ಕೆಲವು ದಿನಗಳಲ್ಲಿ ಅವಳಿಗೆ ಚಳಿ ಹತ್ತಿತು. ಮನೆಯ ಕೌದಿಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ತಂದೆ ಪೇಟೆಯಿಂದ ಡಾಕ್ಟರನ್ನು ಕರೆತಂದರು. ಮುಂಬಯಿಯಲ್ಲಿ ಕಲಿತು ಬಂದ, ಇನ್ನೂ ಮೂವತ್ತೈದು ದಾಟದ ಮನುಷ್ಯ. ತಾಳ್ಮೆಯವರು. ಅತ್ತೆ ಒಳಗಿನ ಬಾಗಿಲ ಮರೆಯಲ್ಲಿ ಚಾಪೆಯ ಮೇಲೆ ಕುಳಿತಳು. ಡಾಕ್ಟರು ಪಡಸಾಲೆಯಲ್ಲಿ ಕುಳಿತು ತಂದೆಯನ್ನು ಕೇಳುವುದು, ತಂದೆ ಬಾಗಿಲ ಕಡೆ ತಿರುಗಿ ಕೇಳುವುದು, ಅವಳು ಹೇಳಿದ್ದನ್ನು ತಂದೆ ಮತ್ತೆ ಡಾಕ್ಟರಿಗೆ ಹೇಳುವುದು. ಹೀಗೆ ನಡೆಯಿತು ತಪಾಸಣೆ. ನಾಡಿ ಮಾತ್ರ ಅವರೇ ನೋಡಿದರು. ಅದಕ್ಕಾಗಿ ಅವಳು ಆಮೇಲೆ ಮತ್ತೊಮ್ಮೆ ಮಿಂದಳು. ಚಳಿಜ್ವರದಲ್ಲಿ!

"ಮಲೇರಿಯಾ ಇದ್ದಂಗದ," ಎಂದರು ಡಾಕ್ಟರು. "ಕ್ವಿನೈನ್ ಮಿಕ್ಸ್ಚರ್ ಕೊಡ್ತೀನಿ. ದಿನಕ್ಕ ಮೂರು ಸಲ, ಒಂದೊಂದು ಗುರ್ತಿನ ಮಟಾ ಕುಡೀಲಿ. ಕಹಿ ಇರ್ತದ, ಬಿಡಬಾರದು."

ಆ ಕಾಲದ ಔಷಧದ ಸೀಸೆಗಳನ್ನು ನೋಡಿದವರಿಗೆ ಗೊತ್ತು. ಕಂಪೌಂಡರ್ ಒಂದು ಕಾಗದದ ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಪ್ರಮಾಣ. ಅದೇ ಗುರುತು. ತಂದೆ ಸೀಸೆ ತಂದು ಬಾಗಿಲ ಬಳಿ ನೆಲದ ಮೇಲೆ ಇಟ್ಟರು. ಒಳಗಿನ ಔಷಧ ನೀರಿನಂತೆ ತಿಳಿಯಾಗಿತ್ತು.

ಅತ್ತೆ ಅದನ್ನು ದೂರದಿಂದಲೇ ನೋಡಿದಳು. "ಒಯ್ದು ನಿನ್ನ ಸಾಲ್ಯಾಗಿನ ಹುಡುಗ್ರಿಗೆ ಕುಡಸು. ಇದರಾಗ ಸೆರೆ ಹಾಕಿರ್ತಾರಂತ."

"ಇಲ್ಲಕ್ಕಾ, ಇದರಾಗ ಏನೂ ಇಲ್ಲ. ನಾ ಕೇಳಿಕೊಂಡ ಬಂದೀನಿ."

"ಯಾರ ಕೈಲೆ ಕಲಿಸ್ಯಾರೋ, ಯಾವ ನೀರೋ."

ತಂದೆ ಸಂಸ್ಕೃತದ ಮಾಸ್ತರರು, ವಾದದಲ್ಲಿ ಸೋಲುವವರಲ್ಲ. "ಅಕ್ಕಾ, ಔಷಧ ಅಂದ್ರ ಗಂಗಾ, ವೈದ್ಯ ಅಂದ್ರ ಸಾಕ್ಷಾತ್ ನಾರಾಯಣ ಅಂತ ಹಿರ್ಯಾರು ಹೇಳ್ಯಾರೋ ಇಲ್ಲೋ? ಗಂಗಾಕ್ಕ ಮೈಲಿಗಿ ಎಲ್ಲಿಂದ ಬಂತು ಹೇಳು?"

"ನಿನ್ನ ನಾರಾಯಣ ಬೂಟು ಹಾಕ್ಕೊಂಡ ಪಡಸಾಲಿಗೆ ಬಂದಿದ್ನಲ್ಲೋ."

"ನಾರಾಯಣ ಹ್ಯಾಂಗ ಬಂದ್ರೂ ನಾರಾಯಣನ."

ಅತ್ತೆ ಸೀಸೆಯನ್ನು ಮತ್ತೊಮ್ಮೆ ನೋಡಿದಳು. "ಹಂಗಾರ ಆತು," ಎಂದಳು. "ಗಂಗಾ ಅಂತ ನೀ ಹೇಳ್ದಿ. ಗಂಗಾ ಅಂತ ನಾ ತೊಗೋತೀನಿ."

ತಂದೆ ಗೆದ್ದ ಮುಖದಿಂದ ನಮ್ಮನ್ನು ನೋಡಿದರು. ಆ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ಮುಂದೆ ಆದದ್ದರಿಂದ ಆ ಮುಖಕ್ಕೆ ನಾನೇ ಅಷ್ಟು ಹೊಳಪು ಕೊಟ್ಟಿರಬಹುದು.

ಮೊದಲ ವಾರದಲ್ಲಿ ಚಳಿ ಕಡಿಮೆಯಾಯಿತು. ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಜ್ವರ ತನ್ನ ರೀತಿ ಬದಲಿಸಿತು. ಒಂದು ದಿನ ಬರುವುದು, ಎರಡು ದಿನ ಇಲ್ಲ; ಒಮ್ಮೆ ಸಂಜೆ ಮಾತ್ರ ಮೈ ಬಿಸಿ. ಡಾಕ್ಟರು ಬಂದಾಗ ಕೇಳುತ್ತಿದ್ದರು, "ಔಷಧ ತೊಗೋಳಿಕತ್ತೀರೇನ್ರಿ ತಾಯಿ?" ಬಾಗಿಲ ಹಿಂದಿನಿಂದ ಉತ್ತರ, "ಮೂರು ಹೊತ್ತೂ ತೊಗೋತೀನ್ರಿ. ಒಂದು ಹೊತ್ತೂ ತಪ್ಪಿಸಿಲ್ಲ." ಅದರಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಅವಳು ಕುಡಿಯುವುದನ್ನು ನಾವು ಯಾರೂ ನೋಡಿರಲಿಲ್ಲ, ಏಕೆಂದರೆ ಸೀಸೆ ದೇವರ ಮನೆಯಲ್ಲಿತ್ತು, ಮತ್ತು ಅವಳು ಮಡಿಯಲ್ಲಿರುವಾಗ ದೇವರ ಮನೆಗೆ ನಾವು ಹೋಗುತ್ತಿರಲಿಲ್ಲ. ಆದರೆ ಔಷಧ ಇಳಿದ ಮೇಲೆ ಅವಳು ಮುಖ ಕಿವಿಚುವುದನ್ನು ಎಲ್ಲರೂ ನೋಡಿದ್ದೆವು. ಸಾಕ್ಷಿಗೆ ಅದು ಸಾಕೆನಿಸಿತ್ತು.

ಡಾಕ್ಟರು ಔಷಧವನ್ನು ಇನ್ನಷ್ಟು ಗಟ್ಟಿ ಮಾಡಿ ಕೊಟ್ಟರು. ಅತ್ತೆ ಇನ್ನಷ್ಟು ಮುಖ ಕಿವಿಚಿದಳು. ಜ್ವರ ಹೋಗಲಿಲ್ಲ. ಸಣ್ಣ ಕೆಮ್ಮು ಸೇರಿಕೊಂಡಿತು. ಸೀರೆ ಅವಳ ಮೇಲೆ ಗೂಟಕ್ಕೆ ಹಾಕಿದ ಹಾಗೆ ಕಾಣತೊಡಗಿತು. ಅದೇ ವೇಳೆಗೆ ಹಿತ್ತಲ ಕಟ್ಟೆಯ ತುಳಸಿ ಬಾಡತೊಡಗಿತು. ಮೊದಲು ಎಲೆಗಳು ಹಳದಿಯಾದವು, ಆಮೇಲೆ ತೆನೆಗಳು ಕಪ್ಪಾಗಿ ಬಾಗಿದವು. ತಾಯಿ ಅದನ್ನು ನೋಡಿ ಅಪಶಕುನಕ್ಕೆ ಹೆದರಿ ಕೈಮುಗಿದು ಒಳಗೆ ಹೋದಳು. ಅತ್ತೆ ದಿನಾ ತಾನೇ ನೀರೆರೆದು ಬೆಳೆಸಿದ ಗಿಡ. ಮನೆಯಲ್ಲಿ ಯಾರೂ ಅದರ ಮಾತು ತೆಗೆಯಲಿಲ್ಲ. ಇಂಟರ್ ತರಗತಿಯಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ನಾನೂ ತುಳಸಿಯ ಕಡೆ ನೋಡದೆ ಹಿತ್ತಲಿಗೆ ಹೋಗಿ ಬರುತ್ತಿದ್ದೆ.

ಒಂದು ಮುಂಜಾನೆ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಪಡಸಾಲೆಗೆ ಬಂದು ತಂದೆಯೊಡನೆ ದನಿ ತಗ್ಗಿಸಿ ಮಾತಾಡಿದರು. ನಾನು ನೀರು ತಂದು ಅಲ್ಲಿಯೇ ನಿಂತಿದ್ದೆ.

"ಮಾಸ್ತರ, ಮಲೇರಿಯಾ ಇದ್ರ ಇಷ್ಟು ಕ್ವಿನೈನ್‌ಗೆ ಬಗ್ಗಬೇಕಾಗಿತ್ತು. ಬಗ್ಗಿಲ್ಲ. ಸಂಜಿ ಜ್ವರ, ಕೆಮ್ಮು, ಹಿಂಗ ಸೊರಗೂದು... ನನಗ ಎದಿ ಮ್ಯಾಲೆ ಸಂಶಯ ಅದ."

ತಂದೆ ಆ ಶಬ್ದವನ್ನು ಹೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ. "ಕ್ಷಯ" ಎಂದು ಯಾರೂ ಉಚ್ಚರಿಸದೆಯೇ ಅದು ನಮ್ಮ ಮನೆಗೆ ಬಂತು. ರೈಲಿನಲ್ಲಿ ಒಂದು ದಿನದ ದಾರಿಯಲ್ಲಿ ಆರೋಗ್ಯಧಾಮವಿದೆ, ತಮ್ಮ ಪರಿಚಯದವರಿದ್ದಾರೆ, ತಡ ಮಾಡುವುದು ಬೇಡ ಎಂದರು ಡಾಕ್ಟರು. ಮನೆಯಲ್ಲಿ ಬೆಳೆಯುವ ಹುಡುಗಿಯರಿದ್ದಾರೆ ಎಂದೂ ಅಂದರು. ನಾನು ಅಲ್ಲಿ ನಿಂತು ಅವರ ವಾದವನ್ನು ಕ್ಲಾಸಿನಲ್ಲಿ ಕಲಿತಂತೆ ಮನಸ್ಸಿನಲ್ಲಿ ಜೋಡಿಸಿದೆ. ಮಲೇರಿಯಾ ಕ್ವಿನೈನ್‌ಗೆ ಬಗ್ಗುತ್ತದೆ, ಇದು ಬಗ್ಗಿಲ್ಲ, ಆದ್ದರಿಂದ ಇದು ಮಲೇರಿಯಾ ಅಲ್ಲ. ಎಲ್ಲಿಯೂ ಬಿರುಕಿರಲಿಲ್ಲ. ಈಗಲೂ ಇಲ್ಲ. ವಾದ ಗಟ್ಟಿಯಾಗಿಯೇ ಇತ್ತು, ಅದು ನಿಂತ ನೆಲ ಮಾತ್ರ ಗಟ್ಟಿ ಇರಲಿಲ್ಲ.

ಆ ವಾರ ನಮ್ಮ ಮನೆ ತಲೆಕೆಳಗಾಯಿತು. ಅತ್ತೆಯ ತಾಟು, ತಂಬಿಗೆ, ಹಾಸಿಗೆ ಬೇರೆ. ಅವಳು ಹಿತ್ತಲ ಕಡೆಯ ಕೋಣೆಯಲ್ಲಿ. ತಾಯಿ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಇಷ್ಟು ವರ್ಷ ಅತ್ತೆ ನಮ್ಮನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಈಗ ನಾವು ಅವಳನ್ನು ಮುಟ್ಟುವಂತಿಲ್ಲ. ಅತ್ತೆ ಇದನ್ನು ಗಮನಿಸದೆ ಬಿಡುವವಳಲ್ಲ.

"ಏನವಾ, ನೀವೂ ಎಲ್ಲಾರೂ ಮಡಿ ಹಿಡಿದಿರೇನು?" ಎಂದಳು ತಾಯಿಗೆ. "ಛಲೋ ಆತು. ನಾ ಹೇಳಿ ಹೇಳಿ ಸಾಕಾಗಿದ್ದೆ."

ತಾಯಿ ನಗಲು ಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಆರೋಗ್ಯಧಾಮದ ವಿಷಯವನ್ನು ತಂದೆಯೇ ಅವಳಿಗೆ ಹೇಳಿದರು. ಜಗಳವಾಗುತ್ತದೆಂದು ನಾವೆಲ್ಲ ಸಿದ್ಧರಾಗಿದ್ದೆವು. ಅಲ್ಲಿ ಮಡಿಯಿಲ್ಲ, ಯಾರೋ ಬೇಯಿಸಿದ ಅನ್ನ, ಯಾರೋ ಹೊದ್ದ ಕಂಬಳಿ, ಉದ್ದನೆಯ ಕೋಣೆಯಲ್ಲಿ ಸಾಲು ಮಂಚ. ಅವಳಿಗೆ ಅದು ಸಾವಿಗಿಂತ ಒಂದು ಮೆಟ್ಟಿಲು ಕೆಳಗಿನದು. ಆದರೆ ಅವಳು "ಹೂಂ, ಆತು" ಎಂದಳು. ಅಷ್ಟೇ.

ಆ ಹೂಂ ನನಗೆ ಸಹಿಸಲಾಗಲಿಲ್ಲ. ಮಧ್ಯಾಹ್ನ ಹೊಸ್ತಿಲ ಈಚೆ ಕುಳಿತು ಕೇಳಿದೆ, "ಅತ್ಯಾ, ನಿನಗ ಹೋಗೂ ಮನಸದ ಏನು?"

"ಇದೇನ ಕೇಳ್ತಿ, ಬಾಯಿಸಾಹೇಬರ? ಹುಬ್ಬಳ್ಳಿಗೆ ಸೀರಿ ತರಲಿಕ್ಕೆ ಹೊಂಟೀನೇನು, ಮನಸ್ಸಿರಲಿಕ್ಕೆ?" ಕಾಲೇಜಿಗೆ ಸೇರಿದಂದಿನಿಂದ ನಾನು ಅವಳಿಗೆ ಬಾಯಿಸಾಹೇಬರು.

"ಹಂಗಾರ ಒಲ್ಲೆ ಅನ್ನು."

"ಡಾಕ್ಟರ್ ಹೇಳಿದ್ದು ನಿಮ್ಮಪ್ಪಗ. ನಿಮ್ಮಪ್ಪ ಹೂಂ ಅಂದ. ಅವಾ ಹೂಂ ಅಂದ ಮ್ಯಾಲೆ ನಾ ಯಾರು?" ಆಮೇಲೆ, "ನಿಮಗ ಹತ್ತಬಾರದವಾ ಇದು," ಎಂದಳು.

ಅವಳು ಹೀಗೆಯೇ ಹೇಳಿದಳೇ ಎಂದು ಈಗ ಯೋಚಿಸುತ್ತೇನೆ. ಎರಡು ಕಾರಣ ಕೊಟ್ಟಳು, ಎರಡೂ ಖರೆ. ಆದರೆ ಇವುಗಳ ಹಿಂದೆ ಇನ್ನೊಂದಿತ್ತು ಎಂದು ನನಗೆ ಅನಿಸುತ್ತದೆ. ಡಾಕ್ಟರ ಮಾತು ಅವಳ ತನಕ ಬಂದು ಮುಟ್ಟುವಷ್ಟರಲ್ಲಿ ಅದು ಪ್ರಶ್ನೆಯಾಗಿ ಉಳಿದಿರುತ್ತಲೇ ಇರಲಿಲ್ಲ. ಪ್ರಶ್ನೆ ಪಡಸಾಲೆಯಲ್ಲಿ ಮುಗಿದು, ಒಳಗೆ ಬರುತ್ತಿದ್ದುದು ಅಪ್ಪಣೆ. ಅಪ್ಪಣೆಗೆ ಒಪ್ಪಬಹುದು ಇಲ್ಲವೆ ಹಟ ಮಾಡಬಹುದು, ವಿಚಾರಿಸಲು ಬರುವುದಿಲ್ಲ. ನನ್ನ ಸೋದರತ್ತೆ ಹಟ ಮಾಡುವ ಶಕ್ತಿ ಉಳಿಯದಷ್ಟು ದಣಿದಿದ್ದಳು.

ಹೊರಡುವ ದಿನ ಬೆಳಿಗ್ಗೆ ಟಾಂಗಾ ಬಂದು ನಿಂತಿತು. ಹೊಡೆಯುವವರು ನಮಗೆ ಬಹಳ ವರ್ಷಗಳ ಪರಿಚಯದ ಸಾಬರು, ನಮ್ಮನ್ನು ಸಾಲೆಗೆ ಬಿಟ್ಟು ಬರುತ್ತಿದ್ದವರು. ಒಳಗೆ ಬರದೆ ಕುದುರೆಯ ಕುತ್ತಿಗೆ ತಟ್ಟುತ್ತ ನಿಂತಿದ್ದರು. ಡಾಕ್ಟರು ಆರೋಗ್ಯಧಾಮದವರಿಗೆ ಪತ್ರ ಕೊಟ್ಟು ಹೋಗಲು ಬಂದಿದ್ದರು. ತಂದೆಗೆ ಏನೇನು ಒಯ್ಯಬೇಕು ಎಂದು ಹೇಳುತ್ತಿದ್ದರು. ಉಣ್ಣೆಯ ಬಟ್ಟೆ, ಎರಡು ಹಚ್ಚಡ. ಪಾತ್ರೆ ಅಲ್ಲಿಯೇ ಕೊಡುತ್ತಾರೆ.

ಆಗ ಒಳಗಿನ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. ತಂದೆಗೆ ಅಲ್ಲ, ನೇರ ಡಾಕ್ಟರಿಗೆ. ಇಷ್ಟು ದಿನಗಳಲ್ಲಿ ಅವಳು ತಾನಾಗಿ ಅವರನ್ನು ಕೇಳಿದ ಮೊದಲ ಮಾತು.

"ಡಾಕ್ಟರ್ ಸಾಹೇಬ್ರ, ನನ್ನ ಉದ್ಧರಣಿ ಒಂದು ಒಯ್ಯಲಿಕ್ಕೆ ಬಿಡ್ತಾರೇನ್ರಿ?"

ಉದ್ಧರಣೆ ಎಂದರೆ ದೇವರ ತೀರ್ಥ ಕೊಡುವ ಸಣ್ಣ ತಾಮ್ರದ ಸೌಟು, ಬೆರಳಿನ ತುದಿಯಷ್ಟು ಬಟ್ಟಲು ಇರುವಂಥದು. ಡಾಕ್ಟರು ಸೌಜನ್ಯದಿಂದಲೇ ಹೇಳಿದರು, "ಪೂಜಿ ಸಾಮಾನು ಇಟಗೊಳ್ರಿ ತಾಯಿ, ಯಾರೂ ಬ್ಯಾಡ ಅನ್ನಂಗಿಲ್ಲ."

"ಪೂಜಿಗಲ್ಲರಿ. ಔಷಧಕ್ಕ."

"ಔಷಧಕ್ಕ ಉದ್ಧರಣಿ ಯಾಕ್ರಿ?"

"ಮತ್ತ ಹ್ಯಾಂಗ ತೊಗೊಳ್ಳಲಿ?"

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ ಕುದುರೆ ಕಾಲು ಅಪ್ಪಳಿಸಿದ ಸದ್ದು ನನಗೆ ಕೇಳಿಸಿತ್ತು. ಇದು ಕೂಡ ಆಮೇಲೆ ಸೇರಿಸಿಕೊಂಡದ್ದಿರಬಹುದು. ಇಂಥ ಮೌನಕ್ಕೆ ಕುದುರೆಯ ಕಾಲಿನ ಸದ್ದು ತೀರ ಚೆನ್ನಾಗಿ ಹೊಂದುತ್ತದೆ.

ಡಾಕ್ಟರು ಎದ್ದು ಒಳಬಾಗಿಲ ತನಕ ಬಂದರು. ಬೂಟು ಕಳಚಿ ಬಂದರು ಎಂದು ತಾಯಿ ಈಗಲೂ ಹೇಳುತ್ತಾಳೆ. "ತಾಯಿ, ನೀವು ಔಷಧ ಹ್ಯಾಂಗ ತೊಗೋತೀರಿ, ನನಗ ಒಮ್ಮೆ ತೋರಿಸ್ರಿ. ಔಷಧ ಬ್ಯಾಡ, ನೀರಿನಾಗ ತೋರಿಸ್ರಿ."

ಅತ್ತೆ ಪಂಚಪಾತ್ರೆ, ಉದ್ಧರಣೆ ತಂದಳು. ಜೊತೆಗೆ ಸೀಸೆಯನ್ನೂ ತಂದು ನೆಲದ ಮೇಲೆ ಇಟ್ಟಳು. ಗಾಜು ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಚೂರು ಕಾಗದವಿರಲಿಲ್ಲ. ಅವಳು ಬಲಗೈ ಬೋಗುಣಿಯಂತೆ ಮಾಡಿ ಉದ್ಧರಣೆಯಿಂದ ನೀರು ಹಾಕಿಕೊಂಡು ಒಮ್ಮೆ ಕುಡಿದಳು. ಇನ್ನೊಮ್ಮೆ. ಮತ್ತೊಮ್ಮೆ. ಉಳಿದ ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು.

"ಇಷ್ಟು. ಮೂರು ಹೊತ್ತೂ."

ಡಾಕ್ಟರು ತಮ್ಮ ಚೀಲದಿಂದ ಗೆರೆ ಕೊರೆದ ಔನ್ಸಿನ ಗ್ಲಾಸು ತೆಗೆದು ಮುಂದಿಟ್ಟರು. "ಮೂರು ಉದ್ಧರಣಿ ಇದರಾಗ ಹಾಕ್ರಿ." ಹಾಕಿದಳು. ನೀರು ತಳದಲ್ಲಿ ಸುಮ್ಮನೆ ಮಲಗಿತ್ತು. ಕುಡಿಯಬೇಕಾದ್ದು ಗ್ಲಾಸಿನ ಮೇಲಿನ ಗೆರೆಯ ತನಕ. ಇದು ಅದರ ಕಾಲುಭಾಗವೂ ಆಗಿರಲಿಲ್ಲ.

"ಸೀಸೆ ಮ್ಯಾಲೆ ಹಲ್ಲು ಹಲ್ಲು ಕತ್ತರಿಸಿದ ಕಾಗದ ಇತ್ತಲ್ಲ, ಅದೇನಾತ್ರಿ?"

"ಅದಾ? ಬಂದ ಕೂಡ್ಲೇ ನೆನೆ ಹಾಕಿ ತೊಳದು ತಗದಬಿಡ್ತೀನ್ರಿ. ನಿಮ್ಮ ಕಂಪೌಂಡರ ಮೈದಾಹಿಟ್ಟು ಕುದಿಸಿ ಖಳಿ ಹಚ್ಚಿರ್ತಾನ. ಮುಸುರಿ ಸೀಸೆ ದೇವರ ಮುಂದ ಇಡಲೇನ್ರಿ?"

"ಅದರ ಹಲ್ಲು ಯಾಕ ಕತ್ತರಿಸಿರ್ತಾರ ಅಂತ..."

"ಚಂದ ಕಾಣಲಿ ಅಂತ ಕತ್ತರಿಸ್ಯಾನ ಅಂದುಕೊಂಡೆ. ದಸರಾದಾಗ ಅಂಗಡ್ಯಾಗ ಬಣ್ಣದ ಕಾಗದ ಹಚ್ಚತಾರಲ್ಲ, ಹಂಗ."

ತಂದೆ ಗೋಡೆ ಹಿಡಿದು ನಿಂತಿದ್ದರು. "ಅಕ್ಕಾ, ವಾರಕ್ಕೊಂದು ಸೀಸೆ ತಂದು ಕೊಡ್ತಿದ್ದೆನಲ್ಲ. ಉಳಿದ ಔಷಧ ಏನ ಮಾಡ್ತಿದ್ದಿ?"

"ಹೊಸಾದು ಬಂದ ಮ್ಯಾಲೆ ಹಳೇ ತೀರ್ಥ ಇಡತಾರೇನೋ? ತುಳಿಯೋ ಜಾಗಾದಾಗ ಚೆಲ್ಲಬಾರದು. ತುಳಸಿಗೆ ಹಾಕ್ತಿದ್ದೆ."

ಒಳಗಿನಿಂದ ತಾಯಿಯ ದನಿ, "ಅಯ್ಯ ನನ್ನ ತುಳಸಿ!" ಅದು ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ನಗುವೇ ಎಂದು ಗೊತ್ತಾಯಿತು, ಏಕೆಂದರೆ ಅದು ನಿಲ್ಲಲೇ ಇಲ್ಲ.

"ಅಕ್ಕಾ, ಅಕ್ಕಾ," ಎಂದರು ತಂದೆ, "ಯಾಕ ಹಿಂಗ ಮಾಡಿದಿ?"

ಅತ್ತೆಗೆ ಈಗ ಸಿಟ್ಟು ಬಂತು. "ನಾ ಏನ ಮಾಡ್ದೆ? ನೀನ ಹೇಳ್ದಿ ಗಂಗಾ ಅಂತ. ಗಂಗಾ ಯಾರರ ತಂಬಿಗಿಗಟ್ಟಲೆ ಕುಡೀತಾರೇನೋ, ಸಂಸ್ಕೃತ ಪಂಡಿತ?"

ಡಾಕ್ಟರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ನಂತರ ಅವರು "ತಾಯಿ, ನಾ ಬರೇ ತೊಗೊಂಡಿರೇನು ಅಂತ ಕೇಳ್ತಿದ್ದೆ, ಹ್ಯಾಂಗ ಅಂತ ಕೇಳಲಿಲ್ಲ" ಎಂದರು. ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವರು ನಿಜವಾಗಿ ಹೇಳಿದರೋ, ಅವರು ಹೇಳಿದ್ದರೆ ಚೆನ್ನಾಗಿತ್ತೆಂದು ನಾನೇ ಹೇಳಿಸಿದೆನೋ, ಪ್ರಮಾಣ ಮಾಡಲಾರೆ. ಅವರು ನೆಲದ ಮೇಲೆ, ಬಾಗಿಲ ಈಚೆ, ಅತ್ತೆಯ ಎದುರಿಗೆ ಕುಳಿತದ್ದು ಮಾತ್ರ ಖಂಡಿತ. ತಂದೆಯ ಕಡೆ ನೋಡದೆ ಅವಳೊಡನೆಯೇ ಮಾತಾಡಿದರು.

"ಕೇಳ್ರಿ ತಾಯಿ. ನಿಮಗ ಬರೇ ಮಲೇರಿಯಾ ಇರಬಹುದು. ಅರ್ಧಾ ಮರ್ಧಾ ಕ್ವಿನೈನ್ ಬಿದ್ದು ಜ್ವರ ಸಾಯಲಾರದ ಉಳದಿರಬಹುದು. ಆದ್ರ ಎದೀದು ಇಲ್ಲ ಅಂತ ನಾ ಇವತ್ತ ಖಾತ್ರಿ ಹೇಳಲಾರೆ. ಈಗ ಹೋದ್ರ ಅಲ್ಲಿ ನೋಡ್ತಾರ. ಇಲ್ಲಾ, ಒಂದು ವಾರ ಇಲ್ಲೇ ಇದ್ದು ಪೂರಾ ಔಷಧ ಕುಡದು ನೋಡೋಣು. ನಿಮಗ ಹ್ಯಾಂಗ ಅನಸ್ತದ?"

ಅತ್ತೆ ತಮ್ಮನ ಮುಖ ನೋಡಿದಳು. ತಂದೆ, ಅವರ ಪುಣ್ಯ, ಬಾಯಿ ತೆರೆಯಲಿಲ್ಲ.

"ಆ ವಾರದಾಗ ಈ ಹುಡುಗ್ಯಾರಿಗೆ ಹತ್ತಿದ್ರ?"

"ಈಗಿನ್ಹಂಗ ಹಿತ್ತಲ ಕ್ವಾಣ್ಯಾಗ ಇರ್ರಿ. ಕೆಮ್ಮುವಾಗ ಬಾಯಿಗೆ ಅರಿವಿ ಹಿಡಕೊಳ್ರಿ."

"ಪೂರಾ ಕುಡದ್ರ ಏನರ ಆಗ್ತದೇನ್ರಿ?"

"ಕಿವಿ ಗುಂಯ್ ಅಂತಾವ. ತಲಿ ತಿರಗತದ. ಹಂಗಾತು ಅಂದ್ರ ಹೆದರಬ್ಯಾಡ್ರಿ, ನನಗ ಹೇಳಿ ಕಳಸ್ರಿ. 'ಆತು' ಅಂತ ಸುಮ್ಮನ ಕೂಡಬ್ಯಾಡ್ರಿ."

"ವಾರಾದ ಮ್ಯಾಲೂ ಜ್ವರ ಹೋಗಲಿಲ್ಲಂದ್ರ?"

"ಹೋಗಬೇಕಾಗ್ತದ."

ಅವಳು ತಲೆಯಾಡಿಸಿದಳು. ಬಾಗಿಲ ಮರೆಯಲ್ಲಿ ಕುಳಿತು ಇಷ್ಟು ದಿನ ಎಲ್ಲಕ್ಕೂ ಹೂಂ ಎಂದ ಈ ಹೆಂಗಸಿನಲ್ಲಿ ಇಷ್ಟು ಪ್ರಶ್ನೆಗಳು ಎಲ್ಲಿದ್ದವು? "ಹಂಗಾರ ಇರ್ತೀನಿ," ಎಂದಳು. "ಆದ್ರ ಆ ಖಳಿ ಹಚ್ಚಿದ ಕಾಗದ ಮಾತ್ರ ನಾ ಮುಟ್ಟಂಗಿಲ್ಲ. ನೀವು ಸಾಕ್ಷಾತ್ ನಾರಾಯಣ ಆದ್ರೂ ಅಷ್ಟ."

ಗುರುತಿಲ್ಲದೆ ಅಳೆಯುವುದು ಹೇಗೆ? ತಂದೆ ಸೀಸೆಗೆ ದಾರ ಕಟ್ಟೋಣ ಎಂದರು. ದಾರ ಜಾರುತ್ತದೆ ಎಂದರು ಡಾಕ್ಟರು. ಅವರ ಔನ್ಸಿನ ಗ್ಲಾಸನ್ನು ಯಾರು ಯಾರೋ ಬಾಯಿಗೆ ಹಚ್ಚಿದ್ದಾರೆ ಎಂದು ಅತ್ತೆ ಒಪ್ಪಲಿಲ್ಲ. ಕೊನೆಗೆ ಅವಳೇ ಎದ್ದು ಹೋಗಿ ಒಂದು ಬೆಳ್ಳಿಯ ಒಳಲೆ ತಂದಳು. ಕೂಸುಗಳಿಗೆ ಹಾಲು, ಬೇರು ತೇದ ಗುಟ್ಟಿ ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು. ನನಗೂ ತಂಗಿಗೂ ಎಲ್ಲ ಔಷಧ ಬಿದ್ದದ್ದು ಅದರಲ್ಲಿಯೇ. ಡಾಕ್ಟರು ಗ್ಲಾಸಿನ ಮೇಲಿನ ಗೆರೆಯ ತನಕ ನೀರು ತುಂಬಿ ಮೇಲಿನಿಂದ ಒಳಲೆಗೆ ಸುರಿದರು. ಅದು ಕಂಠದ ತನಕ ಬಂದು ನಿಂತಿತು, ಒಂದು ಹನಿಯೂ ಚೆಲ್ಲಲಿಲ್ಲ. ನಿಜವಾಗಿ ಅಷ್ಟು ಸರಿಯಾಗಿ ನಿಂತಿತೇ? ನಿಂತಿತೆಂದೇ ಮನೆಯವರೆಲ್ಲ ಹೇಳುತ್ತೇವೆ.

"ಒಳಲಿ ತುಂಬ," ಎಂದಳು ಅತ್ತೆ. "ತಿಳೀತು. ಇದನ್ನ ಮೊದಲ ಹೇಳಿದ್ರ?"

ಟಾಂಗಾದ ಸಾಬರಿಗೆ ತಂದೆ ಹೊರಗೆ ಹೋಗಿ ಹೇಳಿದರು, ಹೋಗುವುದಿಲ್ಲ ಎಂದು. "ಅಕ್ಕಾರು ಆರಾಮ ಅದಾರೇನ್ರಿ?" ಎಂದು ಅವರು ಗಾಬರಿಯಿಂದ ಕೇಳಿದ್ದು ನನಗೆ ಕೇಳಿಸಿತು. ತಂದೆ ಏನೋ ಹೇಳಿದರು. "ಹಂಗಾರ ಸುಮ್ಮನ ಬಂದಿದ್ದ ಛಲೋ ಆತ್ರಿ," ಎನ್ನುತ್ತ ಸಾಬರು ಕುದುರೆಯನ್ನು ತಿರುಗಿಸಿದರು.

ಆ ವಾರ ಸುಲಭವಾಗಿರಲಿಲ್ಲ. ಔಷಧ ಪೂರ್ತಿ ಹೊಟ್ಟೆಗೆ ಹೋಗತೊಡಗಿದ ಮೇಲೆ ಅವಳಿಗೆ ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. "ಇದು ಖರೇ ಗಂಗಾ ಅಲ್ಲ, ನಿಮ್ಮಪ್ಪ ಸುಳ್ಳ ಹೇಳ್ಯಾನ" ಎಂದು ನಮಗೆ ಹೇಳುತ್ತಿದ್ದಳು. ಆದರೆ ಕಿವಿ ಕೂಗಿದ ದಿನವೇ ತಂದೆಯನ್ನು ಡಾಕ್ಟರ ಬಳಿ ಅಟ್ಟಿದಳು. ಅವರು ಪ್ರಮಾಣ ಸ್ವಲ್ಪ ಇಳಿಸಿ, ಒಳಲೆಯ ಮೂತಿಯ ಕೆಳಗಿನ ತನಕ ಸಾಕು ಎಂದು ಹೇಳಿ ಕಳಿಸಿದರು. ನಾನು ಹೊಸ್ತಿಲ ಈಚೆ ಕುಳಿತು ಅವಳು ಕುಡಿಯುವುದನ್ನು ನೋಡುತ್ತಿದ್ದೆ. ಕೂಸಿನಂತೆ ಕಣ್ಣು ಮುಚ್ಚಿ, ಒಳಲೆ ಎತ್ತಿ, ಒಂದೇ ಗುಟುಕಿಗೆ. "ಕುಡೀ ನನ್ನ ಬಂಗಾರಾ, ಕುಡೀ" ಎಂದು ತಂಗಿ ಅವಳದೇ ದನಿಯಲ್ಲಿ ರಮಿಸುತ್ತಿದ್ದಳು. "ನೀ ನನ್ನ ಮೈಮ್ಯಾಲೆ ಉಗುಳಿದ್ದಿ, ನಾ ಹಂಗ ಮಾಡಲೇನು?" ಎಂದು ಅತ್ತೆ ಗದರುತ್ತಿದ್ದಳು. ಮೊದಲು ಸಂಜೆಯ ಬಿಸಿ ಹೋಯಿತು. ಕೆಮ್ಮು ತಾನಾಗಿ ಅಡಗಿತು. ಡಾಕ್ಟರು ಬಂದು ನಳಿಗೆ ಹಚ್ಚಿ ಕೇಳಿ, ಸೀದಾ ಅವಳಿಗೇ "ಬರೇ ಮಲೇರಿಯಾರಿ ತಾಯಿ" ಎಂದು ಹೇಳಿದ ದಿನವೇ ನಮ್ಮ ಹೋಳಿಗೆ ಅಥವಾ ಸಜ್ಜಕ. ತಾಯಿ ಅಡಿಗೆಮನೆಯಲ್ಲಿ ಸುಮ್ಮನೆ ಹಾಡಿಕೊಳ್ಳುತ್ತಿದ್ದಳು. ಹಿತ್ತಲ ಕೋಣೆಯ ಹಾಸಿಗೆ ಎತ್ತಿದೆವು. ಮರುದಿನ ಅತ್ತೆ ಮಿಂದು ಮಡಿಸೀರೆ ಉಟ್ಟು, "ದೂರ, ದೂರ ನಿಲ್ರಿ" ಎಂದು ನಮ್ಮನ್ನು ಅಟ್ಟಿದಾಗ ನನಗೆ ಆದಷ್ಟು ಸಂತೋಷ ಬಿ.ಎ. ಪಾಸಾದಾಗಲೂ ಆಗಲಿಲ್ಲ.

ಈಗ ಹತ್ತು ವರ್ಷವಾಗುತ್ತ ಬಂತು. ಅತ್ತೆ ಇದ್ದಾಳೆ. ಓಣಿಯಲ್ಲಿ ಯಾರಿಗೆ ಔಷಧ ತಂದರೂ ಹೋಗಿ, "ಹ್ಯಾಂಗ ತೊಗೋತಿ, ನನ್ನ ಮುಂದ ತೋರಸು" ಎಂದು ಕೇಳುತ್ತಾಳೆ. ಮಗ್ಗುಲು ಮನೆಯ ಸೊಸೆಯೊಬ್ಬಳು ಹೊಟ್ಟೆಗೆ ಹಚ್ಚುವ ತೈಲವನ್ನು ಕುಡಿಯುವುದನ್ನು ಹೀಗೆಯೇ ತಪ್ಪಿಸಿದಳಂತೆ. ಈ ಕಥೆಯನ್ನು ಅತ್ತೆಯೊಬ್ಬಳೇ ಹೇಳುತ್ತಾಳೆ, ಆದ್ದರಿಂದ ನಾನು ಇಷ್ಟಕ್ಕೆ ಬಿಡುತ್ತೇನೆ.

ಕಳೆದ ವಾರ ನಾನು ಇದನ್ನು ಬರೆಯುತ್ತೇನೆಂದು ಗೊತ್ತಾಗಿ ಅವಳು ಹೇಳಿ ಬರೆಸಿದ್ದು ಒಂದೇ. "ತುಳಸೀದು ಬರಿ. ಅದೂ ಆರಾಮ ಆತು ಅಂತ." ನಿಜ, ಆ ಚಳಿಗಾಲ ಕಳೆಯುತ್ತಿದ್ದಂತೆ ಕಟ್ಟೆಯಲ್ಲಿ ಬುಡದಿಂದ ಹಸಿರು ಚಿಗುರು ಕಂಡದ್ದು ನನಗೆ ನೆನಪಿದೆ. ತಾಯಿ ಮಾತ್ರ ತಾನು ಒಣಗಿದ ಗಿಡ ಕಿತ್ತು ಸಪ್ತಾಪುರದ ಗೆಳತಿಯ ಮನೆಯಿಂದ ಹೊಸ ಸಸಿ ತಂದು ಹಚ್ಚಿದೆ ಎನ್ನುತ್ತಾಳೆ. ಅತ್ತೆ ಅದನ್ನು ಕೇಳುವುದೇ ಇಲ್ಲ. ಅದೇ ಗಿಡ, ಕ್ವಿನೈನ್ ಕುಡಿದು ಬದುಕಿದ ಗಿಡ. ದಿನಚರಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ನಾನು ಸಾಮಾನ್ಯವಾಗಿ ನೆನಪನ್ನು ನಂಬುವವಳಲ್ಲ, ಆದರೂ ಈ ಒಂದು ವಿಷಯದಲ್ಲಿ ನಾನು ಅತ್ತೆಯ ಕಡೆ.